ಟೋಪಿಯ ಅಂಚಿನ ಕೆಳಗಿನ ಮುಖ

ನಮ್ಮೂರಿನಲ್ಲಿ ಯಾರ ಮನೆಯ ಮಗು ಚರ್ಚಿನಲ್ಲಿ ಹಾಡಿದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಫುಟ್‌ಬಾಲ್ ಆಡಿದರೆ ಇಡೀ ಬೀದಿ ಮೈದಾನಕ್ಕೆ ಹೋಗುತ್ತದೆ. ಸಿನಿಮಾ ಮಾಡುತ್ತೇನೆ ಎಂದರೆ ಮಾತ್ರ ಎಲ್ಲರೂ ಆ ಮಗುವಿನ ತಾಯಿಯನ್ನು ಕನಿಕರದಿಂದ ನೋಡುತ್ತಾರೆ.

ಟಮಿಯಾಳ ತಾಯಿಯನ್ನೂ ಹಾಗೆಯೇ ನೋಡುತ್ತಿದ್ದರು.

ಟಮಿಯಾ ಗುಡ್ಡದ ಮೇಲಿನ ನಮ್ಮ ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದಳು. ಅಲಬಾಮಾದ ಬೇರೆ ಕಾಲೇಜುಗಳು ಕಪ್ಪು ಜನರನ್ನು ಒಳಗೆ ಬಿಡದಿದ್ದ ಕಾಲಕ್ಕೆ ನಮ್ಮ ಹಿರಿಯರು ತಾವೇ ಇಟ್ಟಿಗೆ ಸುಟ್ಟು ಕಟ್ಟಿಕೊಂಡ ಕಾಲೇಜು ಅದು. ನಾನು ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಮಿಸ್ ಕೊರೀನ್, ಒಂದು ಜಗಲಿ ಬೇಕಿತ್ತು. ಅದರ ಮೇಲೆ ಒಬ್ಬ ಅಜ್ಜಿ." ಮದುವೆಯಾದ ಹಿರಿಯ ಹೆಂಗಸರನ್ನೂ ನಮ್ಮಲ್ಲಿ ಮಿಸ್ ಎಂದೇ ಕರೆಯುತ್ತಾರೆ.

"ಯಾವಾಗ?"

"ನಾಳೆ. ಕೊಡ್ತೀನಿ ಅಂದಿದ್ದೋರು ಇವತ್ತು ಆಗಲ್ಲ ಅಂದ್ಬಿಟ್ರು. ಕಾಲೇಜಿನ ಕ್ಯಾಮೆರಾ ನಾಳೆ ಸಂಜೆವರೆಗೆ ಮಾತ್ರ ನನ್ನ ಹತ್ರ ಇರುತ್ತೆ. ಆಮೇಲೆ ಬೇರೆಯೋರ ಸರದಿ."

"ಚಿತ್ರ ಆಗ್ಲಿಲ್ಲ ಅಂದ್ರೆ?"

"ಕೈಯಲ್ಲಿ ಒಂದು ಚಿತ್ರ ಇಲ್ದೆ ಯಾರು ಕೆಲ್ಸ ಕೊಡ್ತಾರೆ? ಮಾವ ಕೋಳಿ ಮಾಂಸದ ಕಾರ್ಖಾನೇಲಿ ಜಾಗ ನೋಡಿಟ್ಟಿದಾನೆ. ಕ್ರಿಸ್‌ಮಸ್ ಆದ್ಮೇಲೆ ಬಂದುಬಿಡು ಅಂದಿದಾನೆ."

ನಮ್ಮ ಮನೆಗೆ ಜಗಲಿ ಇದೆ. ನನ್ನ ಗಂಡ ಕಾರ್ಲಿಸ್ ಕಟ್ಟಿದ್ದು. ಅವನು ಈಗ ಇಲ್ಲ. ಜಗಲಿಯ ಮೇಲೆ ನಡೆಯುವುದು ಅವನ ತಾಯಿ, ನನ್ನ ಅತ್ತೆ ಆಲ್ಮೀಟಾಳ ಮಾತು.

ಸಂಜೆ ನಾನು ವಿಷಯ ತೆಗೆದಾಗ ಅತ್ತೆ ತೂಗುಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಮನೆಯ, ನಮ್ಮ ಚರ್ಚಿನ ಹಿರಿಯರಾದ ಡೀಕನ್ ಹೋಬರ್ಟ್ ಮೆಟ್ಟಿಲ ಮೇಲೆ ಕೂತು ಪೀಕಾನ್ ಕಾಯಿ ಒಡೆಯುತ್ತಿದ್ದರು.

"ಕ್ಯಾಮೆರಾ ಅಂದ್ಯಾ? ಬೇಡವೇ ಬೇಡ," ಎಂದಳು ಅತ್ತೆ.

"ನಮ್ಮ ಕಾಲೇಜಿನ ಹುಡ್ಗಿ ಅತ್ತೆ. ನಮ್ಮೋಳೇ."

"ಯಾರಾದ್ರೇನು? ಸುಂಟರಗಾಳಿ ಬಂದಾಗ ಟೀವಿಯೋರು ಏನು ಮಾಡಿದ್ರು? ಹರಿದ ನೈಟಿ ಹಾಕ್ಕೊಂಡು, ತಲೆ ಕೆದರ್ಕೊಂಡು ಅಳ್ತಾ ನಿಂತಿದ್ದೆ. ಹಂಗೇ ಹಿಡ್ಕೊಂಡು ಹೋದ್ರು. ದೇಶಕ್ಕೆ ದೇಶವೇ ನೋಡ್ತು. ಡೆಟ್ರಾಯಿಟ್‌ನಿಂದ ನನ್ನ ತಂಗಿ ಫೋನ್ ಮಾಡಿ ಅತ್ತಳು."

"ಸಿನಿಮಾ ಓದೋಕೆ ಕಾಲೇಜು ಬೇರೆ ಕೇಡು," ಎಂದರು ಡೀಕನ್. "ನನ್ನ ಮೊಮ್ಮಗ ಫೋನಲ್ಲೇ ದಿನಾ ಸಿನಿಮಾ ತೆಗೀತಾನೆ. ನಾಯಿ ಸೀನೋದು."

"ಈಸ್ಟರ್ ದಿನ ಅವನು ತೆಗೆದ ಫೋಟೋದಲ್ಲಿ ನೀವೆಲ್ಲಿದೀರಿ ಡೀಕನ್? ಹಲ್ಲು ಮಾತ್ರ ಕಾಣುತ್ತೆ," ಎಂದೆ ನಾನು.

ಅತ್ತೆ ಫಕ್ಕನೆ ನಕ್ಕಳು. "ಅದೂ ಕಟ್ಟಿಸಿದ ಹಲ್ಲು."

"ನಮ್ಮ ಮೈಬಣ್ಣಕ್ಕೆ ಬೆಳಕು ಹೆಂಗೆ ಹಿಡೀಬೇಕು ಅಂತ ಅಲ್ಲಿ ಕಲಿಸ್ತಾರೆ," ಎಂದೆ. "ಎಲ್ಲಿ ನಿಂತು ನೋಡ್ಬೇಕು, ಯಾರನ್ನ ಕೇಳಿ ನೋಡ್ಬೇಕು, ಅದನ್ನೂ ಕಲಿಸ್ತಾರೆ. ಆವತ್ತು ಬಂದ ಟೀವಿಯೋರಲ್ಲಿ ಈ ಬೀದೀಲಿ ಬೆಳೆದೋರು ಒಬ್ಬರಿದ್ದಿದ್ರೂ, ಮೊದ್ಲು ನಿಮಗೊಂದು ಕೋಟು ಹೊದಿಸಿರೋರು ಅತ್ತೆ."

ಹೊಲಗಳಾಚೆ ಸರಕು ರೈಲು ಹೋಗುತ್ತಿತ್ತು. ಅದು ಮುಗಿಯುವಂತೆಯೇ ಇರಲಿಲ್ಲ.

"ಬರ್ಲಿ," ಎಂದಳು ಕೊನೆಗೆ. "ಆದ್ರೆ ಏನು ಹಾಕ್ಕೋಬೇಕು ಅನ್ನೋದು ನನಗೆ ಬಿಟ್ಟಿದ್ದು."

ಮರುದಿನ ಟಮಿಯಾ ಇಬ್ಬರು ಗೆಳೆಯರೊಂದಿಗೆ ಬಂದಳು. ಬಾಗಿಲು ತೆರೆದು ಅತ್ತೆ ಹೊರಗೆ ಬಂದಳು. ನೇರಳೆ ರೇಷ್ಮೆಯ ಉಡುಪು, ಬಿಳಿ ಕೈಗವಸು, ತಲೆಯ ಮೇಲೆ ಭಾನುವಾರ ಚರ್ಚಿಗೆ ಹಾಕುವ ನೇರಳೆ ಟೋಪಿ. ಅದರ ಅಂಚು ಛತ್ರಿಯಷ್ಟು ಅಗಲ. ಗರಿಗಳು ಗಾಳಿಗೆ ಉಸಿರಾಡುತ್ತಿದ್ದವು.

ಟಮಿಯಾ ಟೋಪಿಯನ್ನೇ ನೋಡಿದಳು. "ನನ್ನ ಚಿತ್ರದ ಅಜ್ಜಿ ಮನೆ ಬಟ್ಟೇಲಿ ಅಲಸಂದೆ ಬಿಡಿಸ್ತಾ ಕೂತಿರ್ತಾಳೆ, ಮ್ಯಾಮ್."

"ನಿನ್ನ ಅಜ್ಜಿ ಏನು ಬೇಕಾದ್ರೂ ಹಾಕ್ಕೊಳ್ಳಿ ಮಗಾ. ನಾನು ಇದನ್ನೇ ಹಾಕ್ಕೊಳ್ಳೋದು."

ಹಾಗೆಯೇ ಕೂರಿಸಿದರು. ಕೈಗವಸು ತೆಗೆದು ಅತ್ತೆ ಅಲಸಂದೆಯ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಟೋಪಿ ಹೊಳೆಯಿತು. ಅದರ ಕೆಳಗೆ ಬರೀ ಕತ್ತಲೆ.

ಡೀಕನ್ ಇಣುಕಿದರು. "ಟೋಪಿ ಚೆನ್ನಾಗಿ ಬಂದಿದೆ. ಆಲ್ಮೀಟಾ ಎಲ್ಲಿ?"

ಅತ್ತೆಯ ಕೈ ನಿಂತಿತು. "ನಂಗೊತ್ತಿತ್ತು. ನಾನು ಯಾವತ್ತೂ ಫೋಟೋದಲ್ಲಿ ಬರೋಳಲ್ಲ." ಬೋಗುಣಿ ಕೆಳಗಿಟ್ಟು ಏಳಲು ಹೋದಳು.

"ಟೋಪಿ ತೆಗೆಸಿಬಿಡು, ಬಿಸಿಲು ಮರದ ಹಿಂದೆ ಹೋಗ್ತಿದೆ," ಎಂದು ಟಮಿಯಾಳ ಗೆಳೆಯ ಪಿಸುಗುಟ್ಟಿದ. ಟಮಿಯಾ ಅವನತ್ತ ನೋಡಲಿಲ್ಲ. ಅತ್ತೆಯ ಕಾಲ ಬಳಿ ಕೂತಳು.

"ಟೋಪಿ ಇರ್ಲಿ, ಮಿಸ್ ಆಲ್ಮೀಟಾ. ಮೇಲಿಂದ ಬರದ ಬೆಳಕನ್ನ ಕೆಳಗಿಂದ ಕರ್ಕೊಂಡು ಬರೋಣ. ಮನೇಲಿ ಬಿಳೀ ಬೆಡ್‌ಶೀಟ್ ಇದೆಯಾ?"

ಇತ್ತು. ಪೆಟ್ಟಿಗೆಯ ತಳದಲ್ಲಿ, ನನ್ನ ಮದುವೆಯದು. ತಂದುಕೊಟ್ಟೆ.

ಅದನ್ನು ಜಗಲಿಯ ಹಲಗೆಗಳ ಮೇಲೆ ಹಾಸಿದರು. ಒಂದು ತುದಿಯನ್ನು ಎತ್ತಿ ಹಿಡಿಯಲು ಡೀಕನ್ನರಿಗೇ ಹೇಳಿದರು. "ಸ್ವಲ್ಪ ಎಡಕ್ಕೆ, ಸರ್. ಇನ್ನೂ ಸ್ವಲ್ಪ. ಹಾಂ, ಅಲ್ಲಾಡ್ಬೇಡಿ." ಡೀಕನ್ ದೀಕ್ಷಾಸ್ನಾನಕ್ಕೆ ನೀರಲ್ಲಿ ಮುಳುಗಲು ನಿಂತವರಂತೆ ಉಸಿರು ಬಿಗಿಹಿಡಿದು ನಿಂತರು.

ಬಿಸಿಲು ಬಟ್ಟೆಗೆ ಬಿದ್ದು, ಹಾಲು ಉಕ್ಕಿದಂತೆ ಮೆಲ್ಲಗೆ ಮೇಲಕ್ಕೆ ಬಂತು. ಮೊದಲು ಗದ್ದ ಕಂಡಿತು, ಆಮೇಲೆ ಕೆನ್ನೆ. ಕಾಯಿಸಿದ ಬೆಲ್ಲದ ಬಣ್ಣ, ಅದರೊಳಗೆ ಒಂದು ಕೆಂಪು, ಕಣ್ಣಿನ ಕೆಳಗೆ ಟೋಪಿಯದೇ ನೇರಳೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಆ ಬಣ್ಣಗಳನ್ನು ನೋಡಿರಲಿಲ್ಲ.

"ಏನು ಹೇಳ್ಲಿ?" ಎಂದಳು ಅತ್ತೆ.

"ಏನಾದ್ರೂ. ಏನೂ ಹೇಳದೆ ಇದ್ರೂ ಸರಿ."

ಕಾಳುಗಳು ಒಂದೊಂದಾಗಿ ಬೋಗುಣಿಗೆ ಬೀಳುತ್ತಿದ್ದವು. ಸುಮಾರು ಹೊತ್ತಿನ ಮೇಲೆ ಅತ್ತೆ ತನ್ನಷ್ಟಕ್ಕೆ ತಾನೇ ಮಾತಾಡತೊಡಗಿದಳು.

"ನನ್ನ ಮಗ ಕನಸಲ್ಲಿ ಬರ್ತಾನೆ. ಈ ಮೆಟ್ಲ ಮೇಲೇ ಕೂತು ಶೂ ಬಿಚ್ತಾನೆ."

"ಹೂಂ," ಎಂದರು ಡೀಕನ್, ಬಟ್ಟೆ ಹಿಡಿದುಕೊಂಡೇ, ಚರ್ಚಿನಲ್ಲಿ ಪ್ರಸಂಗಕ್ಕೆ ಓಗೊಡುವಂತೆ. ಟಮಿಯಾ ಅವರನ್ನು ತಡೆಯಲಿಲ್ಲ.

"ಅವನೇನೂ ಹೇಳಲ್ಲ. ನಾನೂ ಕೇಳಲ್ಲ. ಕೇಳಿದ್ರೆ ಎದ್ದು ಹೋಗಿಬಿಟ್ಟಾನು ಅಂತ."

"ಹೂಂ. ಹೇಳು ತಾಯಿ."

"ಅದಕ್ಕೇ ಸುಮ್ನೆ ಕಾಳು ಬಿಡಿಸ್ತಾ ಕೂತಿರ್ತೀನಿ."

ಈ ಕನಸನ್ನು ಅವಳು ನನಗೆ ಹೇಳಿರಲಿಲ್ಲ. ನನಗೂ ಅಂಥದೇ ಒಂದಿತ್ತು. ನಾನೂ ಅವಳಿಗೆ ಹೇಳಿರಲಿಲ್ಲ.

ಬಿಸಿಲು ಮರದ ಹಿಂದೆ ಇಳಿಯಿತು. ಟಮಿಯಾ ಕ್ಯಾಮೆರಾವನ್ನು ಅತ್ತೆಯ ಮುಂದೆ ತಂದು ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಾಗಿದಳು.

"ಅಯ್ಯೋ, ಇದು ನಮ್ಮವ್ವ," ಎಂದಳು. "ಅವಳದೊಂದು ಫೋಟೋ ಕೂಡ ಇಲ್ಲ ನನ್ನ ಹತ್ರ. ನೋಡೇ ಕೊರೀನ್, ಹಿಂಗೇ ಇದ್ಲು." ಆಮೇಲೆ ಟಮಿಯಾಳ ಕಡೆ ತಿರುಗಿದಳು. "ಇದನ್ನ ಯಾರಿಗೆ ತೋರಿಸ್ತೀಯಾ?"

"ಡಿಸೆಂಬರಲ್ಲಿ ಕಾಲೇಜಿನ ಸಭಾಂಗಣದಲ್ಲಿ, ಮ್ಯಾಮ್. ಅಟ್ಲಾಂಟಾದಿಂದ ಸಿನಿಮಾ ಮಾಡೋರೂ ಬರ್ತಾರೆ. ಆದ್ರೆ ಊರಿಂದ ಯಾರೂ ಬರಲ್ಲ. ಹೋದ ವರ್ಷ ಖಾಲಿ ಕುರ್ಚಿಗಳೇ ನೋಡಿದ್ದು."

"ನಮ್ಮೋರೇ ನೋಡಲ್ಲ ಅಂದ್ರೆ ಅಟ್ಲಾಂಟಾದೋರು ಯಾಕೆ ನೋಡ್ತಾರೆ?" ಎಂದಳು ಅತ್ತೆ.

ಪ್ರದರ್ಶನಕ್ಕೆ ಮುಂಚಿನ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಪ್ರಕಟಣೆ ಓದಿ ಮುಗಿಸುವ ಮೊದಲೇ ಅತ್ತೆ ಎದ್ದು ನಿಂತಳು. "ನಿಮ್ಮ ಮಕ್ಕಳು ಮೈದಾನದಲ್ಲಿ ಮಕಾಡೆ ಬಿದ್ರೂ ಹೋಗಿ ಕೂಗ್ತೀರಿ. ನಾನು ಬೀಳಲ್ಲ, ಕೂತಿರ್ತೀನಿ. ಗುರುವಾರ ಬಂದು ನೋಡಿ. ಬರದೆ ಇರೋರ ಹೆಸರು ನಾನು ದೇವರಿಗೇ ಹೇಳೋಳು."

ಗುರುವಾರ ಗೋಡೆಗೊರಗಿ ನಿಲ್ಲಲೂ ಜಾಗ ಇರಲಿಲ್ಲ. ನಮ್ಮ ಹಿಂದಿನ ಸಾಲಿನ ಹುಡುಗರು ಅತ್ತೆಗೆ "ಟೋಪಿ ತೆಗೀರಮ್ಮಾ, ಪರದೆ ಕಾಣ್ತಿಲ್ಲ" ಎಂದು ಗೋಗರೆದರು. ದೀಪ ಆರಿತು. ಅತ್ತೆ ಮೆಲ್ಲಗೆ ನನ್ನ ಕೈ ಹಿಡಿದಳು. ಪರದೆಯ ಮೇಲೆ ನಮ್ಮ ಮನೆಯ ಮೆಟ್ಟಿಲುಗಳು ನನ್ನ ಒದ್ದೆ ಕಣ್ಣಿಗೆ ನೀರಿನೊಳಗೆ ಇದ್ದಂತೆ ಕಂಡವು. ಅವಳು ಕನಸನ್ನು ಹೇಳಿದಾಗ ಇಡೀ ಸಭಾಂಗಣ "ಹೂಂ" ಎಂದಿತು.

ಅಟ್ಲಾಂಟಾದಿಂದ ಬಂದಿದ್ದ ಹೆಂಗಸು ಟಮಿಯಾಳನ್ನು ಹುಡುಕಿಕೊಂಡು ಹೋದಳು. "ಆ ಬೆಳಕು ಹೆಂಗೆ ತಂದೆ?" ಎಂದು ಕೇಳಿದಳು. ಜನವರಿಯಲ್ಲಿ ಟಮಿಯಾ ಆಕೆಯ ಚಿತ್ರಕ್ಕೆ ಕೆಲಸ ಮಾಡಲು ಹೊರಟಳು. ಕೋಳಿ ಕಾರ್ಖಾನೆಯ ಜಾಗಕ್ಕೆ ಅವಳ ಮಾವ ಬೇರೆ ಯಾರನ್ನೋ ಹುಡುಕಿಕೊಂಡ. ಮೊನ್ನೆ ಇನ್ನೊಬ್ಬ ವಿದ್ಯಾರ್ಥಿ ಅಡುಗೆಮನೆ ಕೇಳಿಕೊಂಡು ಬಂದಿದ್ದ. "ಕೊಡ್ತೀನಿ, ಮೊದ್ಲು ಊಟ ಮಾಡು," ಎಂದಳು ಅತ್ತೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕಾಲೇಜುಗಳಲ್ಲಿ ಇಂಥ ಮಕ್ಕಳು ಇನ್ನೂ ಬಹಳ ಇದ್ದಾರೆ. ಅವರಿಗೆ ಒಂದು ಮಧ್ಯಾಹ್ನದ ಮಟ್ಟಿಗೆ ನಿಮ್ಮ ಜಗಲಿ ಬೇಕು, ನಿಂತಿರುವ ಹಳೆಯ ಕಾರು ಬೇಕು, ನಿಮ್ಮ ಮುಖ ಬೇಕು. ನಿಮಗೆ ಇಷ್ಟವಿಲ್ಲದ್ದನ್ನು ಬೇಡ ಎನ್ನಿ, ಅವರು ನಿಮ್ಮ ಮಾತು ಕೇಳುತ್ತಾರೆ. ಚಿತ್ರ ತೆಗೆಯುವ ದಿನ ಹಸಿದ ಹೊಟ್ಟೆಗೆ ಏನಾದರೂ ಮಾಡಿ ಕಳಿಸಿ. ಪ್ರದರ್ಶನ ಇದೆ ಎಂದು ತಿಳಿದರೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಚಿತ್ರ ಮುಗಿದು ದೀಪ ಹತ್ತಿದಾಗ ಅದನ್ನು ಮಾಡಿದ ಮಗು ಬಾಗಿಲ ಬಳಿ ನಿಂತಿರುತ್ತದೆ. ಸುಮ್ಮನೆ ದಾಟಿ ಹೋಗಬೇಡಿ. ನಿಮಗೆ ಏನು ಕಂಡಿತು ಎಂದು ಹೇಳಿ ಹೋಗಿ.