ಅತ್ತೆಯ ಹೆಗ್ಗತ್ತು

ತುಕ್ಕು ಹಿಡಿಯದ ಸ್ಟೀಲಿನ ಕ್ಷೌರದ ಕತ್ತಿ ತಂದದ್ದು ನಾನೇ, ಅದೂ ಹಟಕ್ಕೆ ಬಿದ್ದು. ನಮ್ಮದು ಜಪಾನಿನ ವಾಕಾಸಾ ತೀರದ ಬಂದರೂರು. ಬೆಳಿಗ್ಗೆ ಮಸೆದಿಟ್ಟ ಕಬ್ಬಿಣದ ಕತ್ತಿಗೆ ಉಪ್ಪುಗಾಳಿ ತಾಗಿ ಸಂಜೆಗೆ ಕೆಂಪು ಚುಕ್ಕೆ ಎದ್ದಿರುತ್ತಿತ್ತು. ನನ್ನತ್ತೆ ತೋಮೆ ಅದನ್ನೇ ಒರೆಸಿ, ಎಣ್ಣೆ ಸವರಿ, ಮತ್ತೆ ಮಸೆದು, ಮಾವ ತೀರಿಕೊಂಡ ಮೇಲೂ ಕ್ಷೌರದಂಗಡಿ ನಡೆಸಿಕೊಂಡು ಬಂದವರು. ನಾನು ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಗಂಡ ಮೀನಿನ ದೋಣಿಯಲ್ಲಿ, ನಾನು ಅಂಗಡಿಯಲ್ಲಿ. ಗಂಡಸರ ಗಡ್ಡ ಹೆರೆಯುವುದು ನನ್ನ ಪಾಲು, ಮಸೆಯುವುದು ಅತ್ತೆಯದು. ಸಾಣೆಕಲ್ಲನ್ನು ಮುಟ್ಟಲೂ ಬಿಡುತ್ತಿರಲಿಲ್ಲ.

ಹೊಸ ಕತ್ತಿಯನ್ನು ನೋಡಿ ಮೂಗು ಮುರಿದರು. "ಇದು ಕಲ್ಲಿನ ಮಾತು ಕೇಳಲ್ಲ ಕಣೇ ಸೆತ್ಸು. ಮಿಸೋ ಸಾರಿಗೆ ಸೌಟು ಮಾಡೋಕೆ ಸರಿ."

ಆ ವಸಂತದಲ್ಲಿ ಅವರ ಬಲಗೈ ನಡುಗತೊಡಗಿತು. ಸಾಣೆಕಲ್ಲು ನನ್ನ ಕೈಗೆ ಬಂತು; ಅವರಾಗಿ ಕೊಟ್ಟದ್ದಲ್ಲ, ಬೇರೆ ದಾರಿಯೇ ಇರಲಿಲ್ಲ.

ಅದೇ ಹೊತ್ತಿಗೆ ತೋಫು ಮಾಡುವವರ ಮಗಳು ಹಾರುಯೊಗೆ ಮದುವೆ ಗೊತ್ತಾಯಿತು. ಮದುವೆಗೆ ಮೂರು ದಿನ ಮುಂಚೆ ಹೆಣ್ಣಿನ ಮುಖದ, ಕತ್ತಿನ ಹಿಂಬದಿಯ ಹೆಗ್ಗತ್ತಿನ ನವಿರು ತೆಗೆಯುವುದು ನಮ್ಮಂಗಡಿಯ ಕೆಲಸ. ಮದುವೆಯ ದಿನ ಕಿಮೊನೋ ಉಡುಪಿನ ಕತ್ತುಪಟ್ಟಿ ಹಿಂದಕ್ಕೆ ಇಳಿದಿರುತ್ತದೆ, ಹೆಗ್ಗತ್ತಿಗೆಲ್ಲ ಬಿಳಿ ಬಣ್ಣ ಬಳಿದಿರುತ್ತಾರೆ. ಒಂದೇ ಒಂದು ಗೀರಿದ್ದರೂ ಬಣ್ಣ ತಾಗಿ ಉರಿಯುತ್ತದೆ, ಕೆಂಪಗೆ ಎದ್ದು ಕಾಣುತ್ತದೆ. ಊರಿನ ಅಷ್ಟೂ ಮದುವಣಗಿತ್ತಿಯರಿಗೆ ಅತ್ತೆಯೇ ಮಾಡಿದ್ದರು. ಹಾರುಯೊಳ ತಾಯಿ ಬಂದವಳು ಅತ್ತೆಯ ಕೈ ನೋಡಿದಳು, ನನ್ನ ಮುಖ ನೋಡಿದಳು.

"ಪಕ್ಕದೂರಿಗೇ ಕರ್ಕೊಂಡು ಹೋಗ್ಲಾ ಅಂತ..."

"ನನ್ನ ಸೊಸೆ ಮಾಡ್ತಾಳೆ," ಎಂದರು ಅತ್ತೆ.

"ಅಲ್ಲ, ಒಂದು ವೇಳೆ..."

"ಮಾಡ್ತಾಳೆ ಅಂದ್ನಲ್ಲ."

ನಾನು ಕೆಡಿಸಿದರೆ ಯಾವ ಮದುವಣಗಿತ್ತಿಯೂ ಇನ್ನು ನಮ್ಮ ಹೊಸ್ತಿಲು ತುಳಿಯುವುದಿಲ್ಲ. ಅತ್ತೆಯ ಮಾತೂ ಊರಲ್ಲಿ ನಡೆಯುವುದಿಲ್ಲ. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಆ ದಿನ ಹಾರುಯೊ ಹತ್ತು ಗಂಟೆಗೆ ಬರುವವಳಿದ್ದಳು. ನಾನು ಬೆಳಗಾಗುತ್ತಲೇ ಹೊಸ ಕತ್ತಿ ಹಿಡಿದು ಕಲ್ಲಿನ ಮುಂದೆ ಕೂತೆ. ಹಳೆಯ ಕತ್ತಿಗೆ ಇಪ್ಪತ್ತು ಎಳೆತ ಸಾಕಾಗುತ್ತಿದ್ದರೆ ಇದಕ್ಕೆ ನೂರು ಎಳೆದರೂ ಸಾಲದು. ಭುಜ ಸೋಲುವವರೆಗೆ ಮಸೆದು, ತೊಗಲಿನ ಪಟ್ಟಿಯ ಮೇಲೆ ಆಡಿಸಿ, ಮುಂಗೈ ಕೂದಲಿಗೆ ತಾಗಿಸಿದೆ. ಕೂದಲು ಹಾರಿಹೋಯಿತು. ಉಗುರಿಗಿಟ್ಟೆ, ಕಚ್ಚಿತು. ನನಗೆ ಕೊಂಬು ಮೂಡಿತು.

"ಕಲ್ಲಿನ ಮಾತು ಕೇಳಲ್ಲ ಅಂದ್ರಲ್ಲ ಅತ್ತೆ, ನೋಡಿ ಈಗ!"

ಬಾಗಿಲ ಬಳಿ ಅವರೆ ಸುಲಿಯುತ್ತಿದ್ದ ಅತ್ತೆ ಬುಟ್ಟಿ ಪಕ್ಕಕ್ಕಿಟ್ಟು ಎದ್ದರು. ಬಂದು ಕುರ್ಚಿಯಲ್ಲಿ ಕೂತು, ಉಡುಪಿನ ಕತ್ತುಪಟ್ಟಿಯನ್ನು ಹಿಂದಕ್ಕೆ ಜಗ್ಗಿದರು.

"ಮೊದ್ಲು ನಂದು ಮಾಡು."

"ನಿಮಗ್ಯಾಕತ್ತೆ? ಮದ್ವೆ ಹೆಣ್ಣು ನೀವಾ?"

"ಯಾರಾದ್ರೂ ಒಪ್ಪಿದ್ರೆ ಆಗೋಣಂತೆ. ಮಾಡೇ."

ನೊರೆ ಹಚ್ಚಿದೆ. ಮೊದಲ ಎರಡು ಎಳೆತ ಬೆಣ್ಣೆಯ ಹಾಗೆ ಹೋಯಿತು. ಮೂರನೆಯದು ಎಲ್ಲೋ ತಡೆಯಿತು. ನಾಲ್ಕನೆಯದಕ್ಕೆ ಬಿಳಿ ನೊರೆಯಲ್ಲಿ ಕೆಂಪು ಗೆರೆಗಳು ಎದ್ದವು. ಅತ್ತೆ ಮಿಸುಕಲಿಲ್ಲ.

"ನಿಲ್ಲಿಸ್ಬೇಡ, ಎಳಿ."

"ರಕ್ತ ಬರ್ತಿದೆ ಅತ್ತೆ!"

"ನಂಗೆ ಗೊತ್ತಾಗಲ್ವಾ? ನಿನ್ನ ಕೈಗೆ ಏನು ಗೊತ್ತಾಗ್ತಿದೆ ಹೇಳು."

"ತಡೀತಿದೆ. ಒಂದು ಬದಿಗೆ ಜಾಸ್ತಿ."

"ಹಾಂ. ಅದೇ."

ಮಸೆಯುವಾಗ ಕತ್ತಿಯ ಅಂಚಿನಾಚೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಬಿರು ಏಳುತ್ತದೆ. ಕಬ್ಬಿಣದ್ದಾದರೆ ಬೇಗ ಉದುರುತ್ತದೆ. ಸ್ಟೀಲಿನದು ಜಿಗುಟು, ಸುಲಭಕ್ಕೆ ಉದುರದೆ ಬಾಗಿಕೊಂಡಿರುತ್ತದೆ. ತೊಗಲಿನ ಪಟ್ಟಿ ಅದನ್ನೇ ನೆಟ್ಟಗೆ ನಿಲ್ಲಿಸಿತ್ತು. ಮುಂಗೈ ಕೂದಲು ಹಾರಿಸಿದ್ದು, ಉಗುರು ಕಚ್ಚಿದ್ದು ಆ ಸಿಬಿರು. ಚರ್ಮದ ಮೇಲೆ ಅದು ಮಗುಚಿ ಗೀರಿತ್ತು. ಅತ್ತೆ ಕುರ್ಚಿಯಲ್ಲಿ ಕೂತೇ ಒಂದೊಂದಾಗಿ ಹೇಳಿದರು. ಮೆತ್ತನೆಯ ಮರದ ತುಂಡಿನಲ್ಲಿ ಅಂಚನ್ನು ಒಮ್ಮೆ ಹಗುರಾಗಿ ಎಳೆದು ಸಿಬಿರು ಕಿತ್ತೆ. ಆಮೇಲೆ ನುಣುಪು ಕಲ್ಲಿನ ಮೇಲೆ, ಕತ್ತಿಯ ಭಾರ ಬಿಟ್ಟು ಬೇರೆ ಭಾರ ಹಾಕದೆ, ಒಂದೊಂದು ಎಳೆತಕ್ಕೂ ಮಗ್ಗುಲು ಬದಲಿಸಿ ಎಳೆದೆ.

"ಇದೆಲ್ಲ ನಿಮಗೆ ಹೇಗೆ ಗೊತ್ತು? ನೀವು ಈ ಕತ್ತಿ ಮುಟ್ಟೇ ಇಲ್ವಲ್ಲ?"

"ನೀನು ಮೀನು ತರೋಕೆ ಹೋದಾಗೆಲ್ಲ ಮಸೆದು ನೋಡ್ತಿದ್ದೆ. ಮಸೆದು ನೋಡ್ದೇ ಬೈಯೋಕೆ ನಾನೇನು ನೀನಾ?"

ಹೆಗ್ಗತ್ತಿನ ಎಡಭಾಗ ಒಡ್ಡಿದರು. ಹತ್ತು ಎಳೆತ ಎಳೆದೆ. ಒಂದು ಗುರುತೂ ಏಳಲಿಲ್ಲ. ಅತ್ತೆ ಕತ್ತುಪಟ್ಟಿ ಸರಿಮಾಡಿಕೊಂಡು ಅವರೆಬುಟ್ಟಿಯ ಬಳಿಗೆ ಹೋದರು.

ಹಾರುಯೊ ಬಂದಳು. ನೊರೆ ಹಚ್ಚಿ, ಭಾರ ಹಾಕದೆ ಎಳೆದೆ; ಒಂದು ಗೀರೂ ಏಳಲಿಲ್ಲ. ಮುಗಿದ ಮೇಲೆ ಅವಳ ತಾಯಿ ಮಗಳ ಹೆಗ್ಗತ್ತಿನ ಮೇಲೆ ಅಂಗೈ ಸವರಿ, ನನಗೆ ಸೊಂಟ ಬಾಗಿಸಿ ನಮಸ್ಕರಿಸಿದಳು.

ಮದುವೆಯ ದಿನ ಸುಡುಬಿಸಿಲು. ಅತ್ತೆ ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡೇ ಕೂತಿದ್ದರು. ಕೇಳಿದವರಿಗೆಲ್ಲ ಶೀತ ಎಂದರು. ಹಾರುಯೊ ಎದುರಿನಿಂದ ಹಾದುಹೋದಾಗ, ಆ ಬಿಳಿ ಹೆಗ್ಗತ್ತನ್ನು ನೋಡಿ ಹೆಂಗಸರೆಲ್ಲ ಮೆಚ್ಚಿ ಉಸಿರೆಳೆದರು.

ಮನೆಗೆ ಬಂದು ಅತ್ತೆಗೆ ನೀರು ಕಾಯಿಸಿ ಬೆನ್ನುಜ್ಜಲು ಕೂತೆ. ವಸ್ತ್ರ ತೆಗೆದರೆ ಹೆಗ್ಗತ್ತಿನ ಬಲಭಾಗದಲ್ಲಿ ಗೀರುಗಳು ಹಕ್ಕಳೆ ಕಟ್ಟಿದ್ದವು. ಬೆವರಿಗೆ ಒದ್ದೆಯಾಗಿ ಸುತ್ತಲೂ ಕೆಂಪಾಗಿತ್ತು.

"ಸಿಬಿರು ಇದೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಅತ್ತೆ?"

"ಪಟ್ಟಿ ಮೇಲೆ ಆಡಿಸೋವಾಗ್ಲೇ ಕೇಳಿಸ್ತು."

"ಮತ್ತೆ ಬಾಯಲ್ಲಿ ಹೇಳ್ಬಾರ್ದಿತ್ತಾ? ಯಾಕೆ ಹೋಗಿ ಕೂತ್ರಿ?"

"ಹೇಳಿದ್ರೆ ಕೇಳ್ತಿದ್ಯಾ? ಆರು ವರ್ಷದಿಂದ ನಾನು ಹೇಳಿದ್ದು ಒಂದಾದ್ರೂ ಕೇಳಿದೀಯಾ?"

ನನಗೆ ಅಳು ಬಂತು. ಇಂಥವರ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ ಎಂದು ಮೊದಲ ಸಲ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

"ದೊಡ್ಡ ಉಪಕಾರ ಆಯ್ತು ಅತ್ತೆ," ಎಂದೆ.

"ಉಪಕಾರ ಆಮೇಲೆ ಹೇಳು. ಎಡಗಡೆ ಉಜ್ಜು, ಬಲಗಡೆ ಉರೀತಿದೆ."