ಕೊರಳು ತಬ್ಬಿದ ಪಾಠ

ಅತ್ತರೆ ಕಣ್ಣಿಂದ ಮುತ್ತುದುರುವ ಹುಡುಗಿಯೊಬ್ಬಳಿದ್ದಳಂತೆ. ಮಲತಾಯಿ ಅವಳನ್ನು ದಿನಾ ಹೊಡೆದು ಅಳಿಸಿ, ಆ ಮುತ್ತು ಮಾರಿ ಮಾಳಿಗೆ ಮನೆ ಕಟ್ಟಿಸಿದಳಂತೆ. ಸಾಬಮ್ಮ ಈ ಕತೆ ಹೇಳಿದಾಗಲೆಲ್ಲ ಮೊಮ್ಮಗಳು ಗೌತಮಿ, "ಆಕಿ ಕೈಗೆ ಹುಳ ಬೀಳ್ಲಿ, ಆಯಿ" ಎಂದು ಹಲ್ಲು ಕಡಿಯುತ್ತಿದ್ದಳು.

ಗೌತಮಿಯ ತಾಯಿ ಯಶೋಧರಾ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಕಮಲಾಪುರದ ಅವರ ಓಣಿಯಲ್ಲಿ ಸಾವಾದ ಮೇಲೆ ಮೊದಲ ಸಲ ಕಂಡ ಹೆಂಗಸರು ಒಬ್ಬರ ಕೊರಳಿಗೊಬ್ಬರು ಬಿದ್ದು, ಸತ್ತವರ ಗುಣ ಹಾಡಿ ಹಾಡಿ ಅಳಬೇಕು. ಎಲ್ಲರೂ ಬಂದು ಸಾಬಮ್ಮನ ಜೊತೆ ಅತ್ತರು. ಕಲಬುರಗಿಯ ಹಾಸ್ಟೆಲಿನಿಂದ ಬಂದ ಗೌತಮಿ ಮಾತ್ರ, ಹಾಡಿ ಅಳುವುದು ನಾಚಿಕೆಗೇಡೆಂದು ಕಂಬಕ್ಕೆ ಆತು ನಿಂತಳು. ಮುದುಕಿ ಅಂದಿನಿಂದ ಕಾಯುತ್ತಲೇ ಇದ್ದಳು.

"ಒಮ್ಮೆ ನನ್ನ ಕೊರಳಿಗಿ ಬಿದ್ದು ಅಳವ್ವಾ. ನೀ ಅಳೂತನಕ ನನ್ನ ಮಗಳು ಹೋಗ್ಯಾಳಂತ ಅನ್ಸೂದಿಲ್ಲ."

"ಸುಮ್ಕಿರು ಆಯಿ."

ಇಂದು ಕಲಬುರಗಿಯ ಕೋಟೆ ಹತ್ತಿರದ ಇಂಗ್ಲಿಷ್ ಶಾಲೆಯಲ್ಲಿ ಗೌತಮಿ ಪಾಠ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಟೀಚರ್ ನೌಕರಿ. ಮೇಡಂಗೆಂದು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಂದ ಸಾಬಮ್ಮ ವರಾಂಡದಲ್ಲಿ ಕೂತಿದ್ದಳು.

ಹೆಡ್ ಮೇಡಂ ನಾಗರತ್ನಾ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಆಂಗ್ವಿಶ್' ಎಂದು ಬರೆದರು. ಕರುಳು ಹಿಂಡುವ ಸಂಕಟ.

"ಕನ್ನಡದಾಗ ಅರ್ಥ ಹೇಳಂಗಿಲ್ಲ. ಮಕ್ಕಳಿಗಿ ಕಣ್ಣಿಗಿ ಕಾಣ್ಬೇಕು. ನಿನ್ನ ಮುಂಚಿ ಬಂದಾಕಿ ಹೊಟ್ಟಿ ಹಿಡ್ಕೊಂಡು ನಿಂತಿದ್ಲು. ಹುಡುಗ್ರು ಜುಲಾಬು ಅಂದ್ವು."

ಗೌತಮಿ ಮುಖ ಕಿವುಚಿದಳು. "ಹಲ್ಲು ನೋವು, ಮಿಸ್!" ಮಕ್ಕಳು ಕಿಸಕ್ಕನೆ ನಕ್ಕರು. ಮೇಡಂ ಗಡಿಯಾರ ನೋಡಿದರು. ಗೌತಮಿ ಬಾಗಿಲಾಚೆ ನೋಡಿದಳು.

ಮೊಮ್ಮಗಳು ಕೈಹಿಡಿದು ಒಳಗೆ ತಂದು ಬೋರ್ಡಿನ ಮುಂದೆ ನಿಲ್ಲಿಸಿದಾಗ ಸಾಬಮ್ಮ ಎಲ್ಲರಿಗೂ ಕೈಮುಗಿದಳು. ಗೌತಮಿ ಅವಳ ಕೊರಳಿಗೆ ಬಿದ್ದು, ಎಂದೂ ತೆಗೆಯದ ರಾಗ ತೆಗೆದಳು. "ಎಲ್ಲಿಗಿ ಹೋದೀ ನನ್ನವ್ವಾ..."

ಮುದುಕಿ ಎರಡೂ ಕೈಯಿಂದ ಅವಳನ್ನು ತಬ್ಬಿದಳು. ಹಣ್ಣಿನ ಗಂಟು ನೆಲಕ್ಕೆ ಬಿತ್ತು. "ಅತ್ತೀ ನನ್ನ ಕೂಸೇ, ಕಡೀಗೂ ಅತ್ತೀ!" ಮಗಳ ನಡಿಗೆ, ಮಗಳ ನಗು, ಆಸ್ಪತ್ರೆಯ ಮಂಚದಲ್ಲಿ ಬೇಡಿದ ಕಡೆಯ ಗುಟುಕು ನೀರು, ಎಲ್ಲವನ್ನೂ ಹಾಡಿ ಅತ್ತಳು. ಕಟ್ಟಿಟ್ಟದ್ದೆಲ್ಲ ಕೆರೆ ಒಡೆದಂತೆ ಬಂತು. ಮುಂದಿನ ಸಾಲಿನ ಹುಡುಗಿಯ ಕಣ್ಣೂ ತುಂಬಿತು.

ಗೌತಮಿ ಅಜ್ಜಿಯ ತೋಳು ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡಳು. ಕೋಲಿನಿಂದ ಮೊದಲು ಬೋರ್ಡಿನ ಪದ ತೋರಿಸಿದಳು, ಆಮೇಲೆ ಮುದುಕಿಯ ಮುಖ.

"ರಿಪೀಟ್, ಚಿಲ್ಡ್ರನ್. ಆಂಗ್ವಿಶ್."

"ಆಂಗ್ವಿಶ್!"

"ಮೈ ಗ್ರ್ಯಾಂಡ್‌ಮದರ್ ಈಸ್ ಇನ್ ಆಂಗ್ವಿಶ್."

ಇಡೀ ತರಗತಿ ಒಂದೇ ಕೊರಳಲ್ಲಿ ಹೇಳಿತು.

"ಶಾಬಾಸ್! ನಾಳಿಂದ ಬಾ," ಎಂದರು ಮೇಡಂ. "ಬಿ ಸೆಕ್ಷನ್‌ಗೂ ಇದೇ ಪಾಠ ಅದ. ಮುದುಕೀನ್ನೂ ಕರ್ಕೊಂಡು ಬಾ."

ಸಾಬಮ್ಮನಿಗೆ ಇಂಗ್ಲಿಷ್ ತಿಳಿಯಲಿಲ್ಲ, ಕೋಲು ತಿಳಿಯಿತು. ಕೈಚಾಚಿ ಮೊಮ್ಮಗಳ ಕೆನ್ನೆ ಸವರಿದಳು. ಬೆರಳಿಗೆ ಕಣ್ಣೀರಿನ ಪಸೆ ಹತ್ತಲಿಲ್ಲ. ಬಾಗಿ, ಬಿದ್ದ ಹಣ್ಣುಗಳನ್ನು ಆರಿಸಿ ಮೇಜಿನ ಮೇಲಿಟ್ಟಳು.

"ನಡೀರಿ ಟೀಚರ್ರೆ, ಬಸ್ಸು ಹೋಗ್ತದ."

ಬಸ್ಸು ಮಹಾಗಾಂವ ದಾಟುವಾಗ ಗೌತಮಿ ಅವಳ ಭುಜಕ್ಕೆ ತಲೆ ಆನಿಸಿದಳು. "ಆಯಿ, ಸಿಟ್ಟಾ?"

"ನಿಮ್ಮ ಮ್ಯಾಲ ನಂಗೇನ ಸಿಟ್ರೀ?" ಎಂದು ಮುದುಕಿ ಕಿಟಕಿಯ ಕಡೆ ಸರಿದು, ಸೀಟಿನಲ್ಲಿ ಜಾಗ ಬಿಟ್ಟಳು.