ಪಂಪಿನ ಗುರುತು

೧೯೬೪ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇದಿನಬ್ಬನ ಮೀನುಗಾರಿಕೆ ದೋಣಿ ಟ್ರಯಲಿಗೆಂದು ಮಂಗಳೂರಿನ ಧಕ್ಕೆಯಿಂದ ಹೊರಟಿತು. ಎಂಜಿನು ನೋಡಿಕೊಳ್ಳಲು ಜೊತೆಗೆ ಹೋದವನು ಯಾಹ್ಯಾ, ಅಲಿಯಬ್ಬ ಮೇಸ್ತ್ರಿಯ ವರ್ಕ್‌ಶಾಪಿನ ಅಪ್ರೆಂಟಿಸ್. ಹನ್ನೊಂದಕ್ಕೆ ಮರಳಬೇಕಾದ ದೋಣಿ ಗಂಟೆ ಒಂದಾದರೂ ಬರಲಿಲ್ಲ.

ಕುದ್ರೋಳಿಯ ವರ್ಕ್‌ಶಾಪಿನಲ್ಲಿ ಅಲಿಯಬ್ಬನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಪ್ಯಾನರು ಎತ್ತಿದ, ಮತ್ತೆ ಇಟ್ಟ. ಊಟದ ಬುತ್ತಿ ಬಿಚ್ಚಿ ಹಾಗೆಯೇ ಮುಚ್ಚಿದ. ಕಡೆಗೆ ಬಾಗಿಲೆಳೆದುಕೊಂಡು ಧಕ್ಕೆಗೆ ನಡೆದ. ಮಳೆಗಾಲ ಮುಗಿದಿದ್ದರೂ ಕಡಲಿನ ಅಬ್ಬರ ಪೂರ್ತಿ ಇಳಿದಿರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ತೆರೆಗಳು ಬೆಳ್ಳಗೆ ಒಡೆಯುತ್ತಿದ್ದವು. ಅಲ್ಲಿದ್ದವರು ಬರುತ್ತದೆ, ಸ್ವಲ್ಪ ತಡವಾಗಿರಬಹುದು ಎಂದರು. ಅವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು.

ಎಂಜಿನಿಗೆ ಡೀಸೆಲ್ ಚಿಮ್ಮಿಸುವ ಪಂಪು ಎಂಜಿನಿನ ತಿರುಗಣೆಗೆ ಸರಿಯಾಗಿ ಹೊಂದಿಕೊಂಡಿರಬೇಕು. ಎರಡನ್ನೂ ಸೇರಿಸುವ ಕಪ್ಲಿಂಗಿನ ಮೇಲೆ ಕಂಪನಿಯವರು ಒಂದು ಗೆರೆ ಕೊರೆದಿರುತ್ತಾರೆ. ಬೋಲ್ಟು ಸಡಿಲಾಗಿ ಪಂಪು ಜಾರಿದರೆ ಆ ಗೆರೆಗೆ ತಂದು ಬಿಗಿದರಾಯಿತು. ಆದರೆ ಅಲಿಯಬ್ಬ ತನ್ನ ಕೈಗೆ ಬಂದ ಪ್ರತಿ ಎಂಜಿನಿನ ಗೆರೆಯನ್ನೂ ಅರದಿಂದ ಉಜ್ಜಿ ಅಳಿಸುತ್ತಿದ್ದ. ತನ್ನ ಗುರುತಿಗೆಂದು ಕಣ್ಣಿಗೆ ಬೀಳದಂತೆ ಅಡಿಭಾಗದಲ್ಲಿ ಎರಡು ಚುಕ್ಕಿ ಹೊಡೆಯುತ್ತಿದ್ದ. ಬೇರೆ ಯಾವ ಮೇಸ್ತ್ರಿ ಬಂದರೂ ಆ ಪಂಪು ಕೂರುತ್ತಿರಲಿಲ್ಲ. ಗಿರಾಕಿ ಅಲಿಯಬ್ಬನ ಹತ್ತಿರವೇ ಬರಬೇಕಿತ್ತು. ಹೀಗೆ ಧಕ್ಕೆಯ ಹನ್ನೊಂದು ದೋಣಿಗಳು ಅವನ ಕೈಯಲ್ಲಿದ್ದವು.

ಇದನ್ನು ಅವನು ಯಾಹ್ಯಾನಿಗೂ ಹೇಳಿರಲಿಲ್ಲ. ಪಂಪು ಬಿಚ್ಚುವಾಗಲೆಲ್ಲ ಏನಾದರೊಂದು ನೆಪ ಹೇಳಿ ಅವನನ್ನು ಹೊರಗೆ ಕಳಿಸುತ್ತಿದ್ದ.

ಕಲಿಸುತ್ತೇನೆಂದು ಕಾಗದದಲ್ಲಿ ಬರೆದುಕೊಟ್ಟಿದ್ದನ್ನು ಮಾತ್ರ ಅವನು ಮರೆತಿರಲಿಲ್ಲ. ಹಿಂದೆ ಕಿನ್ನಿ ಎಂಬವನು ಒಂದೇ ವರ್ಷ ಕೆಲಸ ಕಲಿತು ಉಳ್ಳಾಲದಲ್ಲಿ ಸ್ವಂತ ಅಂಗಡಿ ತೆರೆದಿದ್ದ. ಆ ಪೆಟ್ಟು ತಿಂದ ಮೇಲೆ ಅಲಿಯಬ್ಬ ಯಾಹ್ಯಾನನ್ನು ಸೇರಿಸಿಕೊಳ್ಳುವಾಗ ವಕೀಲರ ಗುಮಾಸ್ತ ರಾಧಾಕೃಷ್ಣ ಭಟ್ಟರಿಂದ ಛಾಪಾ ಕಾಗದದಲ್ಲಿ ಕರಾರು ಬರೆಸಿದ. ಮೂರು ವರ್ಷ ಬಿಟ್ಟು ಹೋಗಬಾರದು, ಬೇರೆಯವರಲ್ಲಿ ದುಡಿಯಬಾರದು, ರಜೆ ಇಷ್ಟು, ಸಂಬಳ ಇಷ್ಟು. ಹುಡುಗನಿಗೆ ಆಗ ಹದಿನೇಳು. ಅವನ ಪರವಾಗಿ ತಾಯಿ ಝೈನಬ್ ಬಂದಿದ್ದಳು. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು. ಭಟ್ಟರು ಓದಿದ್ದನ್ನೆಲ್ಲ ಸುಮ್ಮನೆ ಕೇಳಿ, ಕೊನೆಗೆ ಹೇಳಿದಳು:

"ನೀವು ಎಂತ ಬೇಕಾದರೂ ಬರೆಸಿಕೊಳ್ಳಿ ಮೇಸ್ತ್ರಿ. ನನ್ನದೂ ಒಂದು ಸಾಲು ಉಂಟು. ಇವನ ಅಪ್ಪ ಒಂಬತ್ತು ವರ್ಷ ಒಬ್ಬರ ಕೈಕೆಳಗೆ ದುಡಿದರು. ಸಾಯುವಾಗ ಅವರಿಗೆ ಗೊತ್ತಿದ್ದದ್ದು ಸ್ಪ್ಯಾನರ್ ತೆಗೆದುಕೊಡಲಿಕ್ಕೆ ಮಾತ್ರ."

ಭಟ್ಟರು ಐದನೆಯ ಕಲಮು ಸೇರಿಸಿದರು: ಯಜಮಾನನು ತನ್ನ ಕಸುಬಿನ ಯಾವ ಭಾಗವನ್ನೂ ಮುಚ್ಚಿಡದೆ ಕಲಿಸತಕ್ಕದ್ದು. ಓದು ಬಾರದ ಅಲಿಯಬ್ಬ ಅದನ್ನು ಎರಡು ಸಲ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದ. ಅಂದಿನಿಂದ ಅವನಿಗೆ ಒಳಗೊಳಗೇ ಮುಳ್ಳು ಆಡಿದಂತೆ. ನಾಳೆ ಹೇಳೋಣ, ಮುಂದಿನ ವರ್ಷ ಹೇಳೋಣ ಎಂದು ದಿನ ತಳ್ಳಿದ. ಅವಧಿ ಮುಗಿಯಲು ಇನ್ನು ನಾಲ್ಕೇ ತಿಂಗಳಿತ್ತು.

ಎರಡು ಗಂಟೆಯಾಯಿತು. ಧಕ್ಕೆಯ ಈ ತುದಿಯಿಂದ ಆ ತುದಿಗೆ ತಿರುಗಿ ತಿರುಗಿ ಅಲಿಯಬ್ಬನ ಕಾಲು ಸೋತಿತು. ಇದಿನಬ್ಬನ ಎಂಜಿನಿನ ಬೋಲ್ಟುಗಳು ಹಳೆಯವು. ಬದಲಿಸಬೇಕೆಂದು ಅವನೇ ಅಂದುಕೊಂಡಿದ್ದ. ಪಂಪು ಜಾರಿದ್ದರೆ ಹುಡುಗ ಗೆರೆ ಹುಡುಕುತ್ತಿರುತ್ತಾನೆ. ಗೆರೆ ಎಲ್ಲಿಂದ ಸಿಗಬೇಕು?

ಚಾರ್ಲ್ಸ್ ಎಂಬ ಮೀನುಗಾರ ತನ್ನ ದೋಣಿಯಿಂದ ಬಲೆ ಇಳಿಸುತ್ತಿದ್ದ. ಅಲಿಯಬ್ಬ ಅವನ ಮುಂದೆ ನಿಂತು, ಈಗಲೇ ಹೊರಡಬೇಕು ಎಂದ. ಈ ಗಾಳಿಯಲ್ಲಿ ಅಳಿವೆ ದಾಟುವುದು ಬೇಡ, ಸಂಜೆ ನೋಡೋಣ ಎಂದು ಚಾರ್ಲ್ಸ್ ತಲೆಯಾಡಿಸಿದ.

"ಸಂಜೆಗೆ ಆಗಲಿಕ್ಕಿಲ್ಲ ಮಾರಾಯ. ಅದು ಕೆಟ್ಟದ್ದು ನನ್ನಿಂದ."

ಚಾರ್ಲ್ಸ್ ಅವನ ಮುಖ ನೋಡಿದ. ಹಗ್ಗ ಬಿಚ್ಚಿದ.

ಮುಕ್ಕಾಲು ಗಂಟೆಯಲ್ಲಿ ಕಂಡಿತು. ಇದಿನಬ್ಬನ ದೋಣಿ ಉಳ್ಳಾಲದ ಕಡೆಯ ಬಂಡೆಗಳತ್ತ ತೇಲುತ್ತಿತ್ತು. ಆಳುಗಳಿಬ್ಬರು ಉದ್ದದ ಗಳ ಹಿಡಿದು ನಿಂತಿದ್ದರು; ಇದಿನಬ್ಬ ಮುಂದಿನ ತುದಿಯಲ್ಲಿ ಲಂಗರಿನ ಹಗ್ಗ ಬಿಗಿಹಿಡಿದು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ಲಂಗರು ಮರಳಿನಲ್ಲಿ ಜಾರುತ್ತಲೇ ಇತ್ತು. ಎರಡು ದೋಣಿಗಳು ಒಮ್ಮೆ ಹತ್ತಿರ ಬಂದು ದೂರವಾದವು. ಎರಡನೆಯ ಸಲ ಹತ್ತಿರ ಬಂದಾಗ ಐವತ್ತು ದಾಟಿದ ಅಲಿಯಬ್ಬ ಹಾರಿದ. ಮೊಣಕಾಲು ಹಲಗೆಗೆ ಬಡಿದು ಚರ್ಮ ಕಿತ್ತಿತು.

ಎಂಜಿನಿನ ಗುಂಡಿಯಲ್ಲಿ ಯಾಹ್ಯಾ ಕುಕ್ಕರಗಾಲಲ್ಲಿ ಕೂತಿದ್ದ. ಮೈತುಂಬ ಗ್ರೀಸು. ಕೈಬೆರಳ ತುದಿಗಳು ಒಡೆದು ರಕ್ತ ಜಿನುಗುತ್ತಿತ್ತು. ಬೋಲ್ಟು ಬಿಗಿದು, ಬಿಚ್ಚಿ, ಅಂದಾಜಿನಲ್ಲಿ ಇಪ್ಪತ್ತು ಸಲ ಕೂರಿಸಿ ನೋಡಿದ್ದ. ಪ್ರತಿ ಸಲವೂ ಎಂಜಿನು ಕೆಮ್ಮಿ ನಿಂತಿತ್ತು.

"ಗುರುತೇ ಇಲ್ಲ ಮೇಸ್ತ್ರಿ," ಎಂದ. "ನನಗೆ ಕಾಣುವುದಿಲ್ಲ."

ಅವನನ್ನು ಮೇಲೆ ಕಳಿಸಿ ತಾನೇ ಮುಗಿಸಬಹುದಿತ್ತು. ಆ ಯೋಚನೆ ಅಲಿಯಬ್ಬನಿಗೆ ಬಂತು. ಬಾಯಿ ತೆರೆದೂ ಆಗಿತ್ತು. ಹುಡುಗ ಅಪ್ಪಣೆಗೆ ಕಾಯುವವನಂತೆ ಅರ್ಧ ಎದ್ದ. ಅಲಿಯಬ್ಬ ಅವನ ಭುಜ ಒತ್ತಿ ಕೂರಿಸಿ, ಬಲಗೈ ಹಿಡಿದು, ತೋರುಬೆರಳನ್ನು ಕಪ್ಲಿಂಗಿನ ಅಡಿಗೆ ಒಯ್ದ.

"ಸಿಕ್ಕಿತಾ? ಎರಡು ಚುಕ್ಕಿ. ಒಂದರ ಎದುರು ಒಂದು ಬರಬೇಕು."

ಯಾಹ್ಯಾ ತಾನೇ ಕೂರಿಸಿದ, ತಾನೇ ಬಿಗಿದ. ಹಿಡಿ ತಿರುಗಿಸಿದ ಕೂಡಲೇ ಎಂಜಿನು ಹಿಡಿಯಿತು. ಬಂಡೆಗಳು ನೂರು ಮಾರು ದೂರದಲ್ಲಿದ್ದವು.

ವಾಪಸು ಬರುವಾಗ ಅವನು ಒಂದೇ ಪ್ರಶ್ನೆ ಕೇಳಿದ: "ಎಲ್ಲಾ ಎಂಜಿನಿನಲ್ಲಿಯೂ ಹೀಗೆಯಾ?"

"ಎಲ್ಲದರಲ್ಲಿಯೂ."

ಮರುದಿನ ಝೈನಬ್ ಕಾಗದ ಹಿಡಿದುಕೊಂಡೇ ಬಂದಳು. ಮೂವರೂ ಭಟ್ಟರ ಹತ್ತಿರ ಹೋದರು. ಭಟ್ಟರು ಕನ್ನಡಕ ಏರಿಸಿ ಓದಿ, ಯಜಮಾನ ಕರಾರು ಮುರಿದಿದ್ದಾನೆ, ಹುಡುಗ ಇವತ್ತೇ ಬಿಡಬಹುದು ಎಂದರು. ಝೈನಬ್ ಮಗನ ಕೈ ಹಿಡಿದು ಎದ್ದಳು. ಯಾಹ್ಯಾ ಏಳಲಿಲ್ಲ.

"ಗೆರೆಗಳನ್ನು ಮತ್ತೆ ಕೊರೆಯುವುದಾದರೆ ಇರ್ತೇನೆ," ಎಂದ. "ಹನ್ನೊಂದಕ್ಕೂ. ದೋಣಿಯವರ ಎದುರಿನಲ್ಲಿ."

ಅಲಿಯಬ್ಬ ಹೂಂ ಎಂದ.

ಆ ವಾರವಿಡೀ ಇಬ್ಬರೂ ಉಳಿ ಸುತ್ತಿಗೆ ಹಿಡಿದು ಧಕ್ಕೆಯಲ್ಲಿ ದೋಣಿಯಿಂದ ದೋಣಿಗೆ ಹತ್ತಿದರು. ಏಕೆ ಎಂದು ಪ್ರತಿಯೊಬ್ಬರಿಗೂ ಅಲಿಯಬ್ಬನೇ ಹೇಳಬೇಕಾಯಿತು. ಮೊದಲ ದೋಣಿಯಲ್ಲಿ ಅವನ ನಾಲಗೆ ತಡವರಿಸಿತು. ಕೆಲವರು ಬೈದರು, ಒಬ್ಬ ನಕ್ಕ. ಇದಿನಬ್ಬ ಪೂರ್ತಿ ಕೇಳಿ, ಗೆರೆ ಕೊರೆದು ಮುಗಿಯುವವರೆಗೂ ಕಾದು, ಮಾರನೆಯ ದಿನದಿಂದ ಎಂಜಿನನ್ನು ಬೇರೆಯವರಿಗೆ ಕೊಟ್ಟ. ಇನ್ನೂ ಮೂವರು ಹಾಗೆಯೇ ಮಾಡಿದರು. ಏಳು ಉಳಿದವು.

ಉಳಿದ ನಾಲ್ಕು ತಿಂಗಳು ಪಂಪುಗಳನ್ನೆಲ್ಲ ಯಾಹ್ಯಾನೇ ಬಿಚ್ಚಿದ. ಜನವರಿಯಲ್ಲಿ ಕರಾರು ಮುಗಿದು, ಕೆಲಸ ಕಲಿತ ಸರ್ಟಿಫಿಕೇಟು ತೆಗೆದುಕೊಂಡು ಮಲ್ಪೆಯಲ್ಲಿ ಕೆಲಸಕ್ಕೆ ಸೇರಿದ. ಹೋಗುವ ದಿನ ಸಲಾಂ ಹೇಳಿ ಹೊರಟ. ಅವನ ಮನಸ್ಸಿನಲ್ಲಿ ಏನಿದೆಯೆಂದು ಅಲಿಯಬ್ಬನಿಗೆ ತಿಳಿಯಲಿಲ್ಲ. ಅನೇಕ ದಿನ ಕೆಲಸದ ನಡುವೆ ಕೈ ನಿಲ್ಲಿಸಿ ಅದನ್ನೇ ಯೋಚಿಸುತ್ತಿದ್ದ.

ಮಾರ್ಚಿನಲ್ಲಿ ಒಂದು ಕಾರ್ಡು ಬಂತು. ಪಕ್ಕದ ಅಂಗಡಿಯವರು ಓದಿ ಹೇಳಿದರು: ಇಲ್ಲಿಯ ಒಂದು ಎಂಜಿನು ಕಪ್ಪು ಹೊಗೆ ಬಿಡುತ್ತಿದೆ, ಪಂಪು ಸರಿಯಾಗಿ ಉಂಟು, ಮತ್ತೆ ಎಂತ ಇರಬಹುದು ಮೇಸ್ತ್ರಿ?

ಉತ್ತರ ಬರೆಸಿ, ಅಂಚೆಗೆ ಹಾಕಿ, ಅದು ತಲುಪುವವರೆಗೆ ಕಾಯುವ ತಾಳ್ಮೆ ಅಲಿಯಬ್ಬನಿಗಿರಲಿಲ್ಲ. ಕೈ ತೊಳೆದು, ಅಂಗಿ ಬದಲಿಸಿ, ಮಲ್ಪೆಗೆ ಹೋಗಲು ಉಡುಪಿ ಕಡೆಯ ಮೊದಲ ಬಸ್ಸು ಹತ್ತಿದ.